ಬಳ್ಳಾರಿ ಸೀಮೆಯ ಸಭೆಯೊಂದರ ಚರಿತ್ರೆಯನ್ನು ಬರೆಯುವ ಬಗೆ

ಬಳ್ಳಾರಿ ಸೀಮೆಯ ಯಾವುದೇ ಕ್ರೈಸ್ತ ಸಭೆಯ ಚರಿತ್ರೆಯನ್ನು ಬರೆಯಲು ಕುಳಿತವರು, ಆ ಸಭೆ ಯಾವ ಕಾಲದಲ್ಲಿ ಯಾವ ಹೆಸರಿನಲ್ಲಿತ್ತು ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಇಂದಿನ ನಾಮಫಲಕದ ಹೆಸರನ್ನು ಹಿಡಿದು ಹುಡುಕಿದರೆ ಹಳೆಯ ಕಾಗದಗಳು ಸಿಗುವುದಿಲ್ಲ. ಕನ್ನಡ ಬೈಬಲ್ ಅನುವಾದಕ್ಕೆ ಹೆಸರಾದ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಲಂಡನ್ ಮಿಷನ್ನಿನ ಕೆಲಸವನ್ನು ಆರಂಭಿಸಿದರು. 1908ರಲ್ಲಿ ಆ ಮಿಷನ್ನಿನ ಕಾಂಗ್ರಿಗೇಷನಲ್ ಸಭೆಗಳೂ ಮದ್ರಾಸಿನ ಕಡೆಯ ಪ್ರೆಸ್ಬಿಟೇರಿಯನ್ ಸಭೆಗಳೂ ಕೂಡಿ ದಕ್ಷಿಣ ಭಾರತ ಐಕ್ಯ ಸಭೆಯಾದವು. 1947ರ ಸೆಪ್ಟೆಂಬರ್ 27ರಂದು ಈ ಐಕ್ಯ ಸಭೆಯೊಡನೆ ಆಂಗ್ಲಿಕನ್ನರೂ ಮೆಥೊಡಿಸ್ಟರೂ ಜೊತೆಗೂಡಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ದಕ್ಷಿಣ ಭಾರತ ಸಭೆ) ಹುಟ್ಟಿತು. ಹೀಗೆ ಒಂದೇ ಸಭೆಗೆ ಮೂರು ಹೆಸರುಗಳಿರಬಹುದು.

ನಮ್ಮಲ್ಲಿ ಹಲವರು ಪ್ರೊಟೆಸ್ಟಂಟ್ ಸಭೆಯನ್ನೆಲ್ಲ ಸಲೀಸಾಗಿ ಪ್ರೆಸ್ಬಿಟೇರಿಯನ್ ಎಂದುಬಿಡುತ್ತಾರೆ. ಅದನ್ನು ನಂಬದೆ ನಡವಳಿ ಪುಸ್ತಕವನ್ನು ತೆರೆದು ನೋಡಿರಿ. ಸಭೆಯಿಂದ ಆಯ್ಕೆಯಾಗಿ ಅಭಿಷಿಕ್ತರಾದ ಹಿರಿಯರು ಕುಳಿತು ತೀರ್ಮಾನಿಸಿ, ಅದರ ಮೇಲಿನ ಮಂಡಳಿಗೆ ಉತ್ತರ ಕೊಡುತ್ತಿದ್ದರೆ ಅದು ಪ್ರೆಸ್ಬಿಟೇರಿಯನ್ ರೀತಿ. ಸದಸ್ಯರೆಲ್ಲರ ಕೂಟವೇ ಕೊನೆಯ ಮಾತಾಗಿದ್ದರೆ ಅದು ಕಾಂಗ್ರಿಗೇಷನಲ್ ರೀತಿ.

ಚರಿತ್ರೆಯ ಜೀವಾಳ ಇರುವುದು ದೀಕ್ಷಾಸ್ನಾನ, ಮದುವೆ ಮತ್ತು ಸಮಾಧಿಯ ರಿಜಿಸ್ಟರುಗಳಲ್ಲಿ. ಮಿಷನರಿಗಳ ವರದಿಗಳು ದೂರದವರಿಗಾಗಿ ಬರೆದವು; ರಿಜಿಸ್ಟರಿನಲ್ಲಾದರೆ ಊರಿನವರ ಹೆಸರೇ ಕಾಣುತ್ತದೆ. ಪುಟವನ್ನು ತಿರುವುವಾಗ ತಂದೆತಾಯಿಯರ ಹೆಸರು, ಊರು, ಕಸುಬು, ಹಿಂದಿನ ಹೆಸರು ಮತ್ತು ಹೊಸ ಹೆಸರು, ಸಭಾಪಾಲಕರ ಸಹಿ ಇವೆಲ್ಲವನ್ನೂ ಇದ್ದ ಹಾಗೆಯೇ, ಕಾಗುಣಿತದ ತಪ್ಪನ್ನೂ ತಿದ್ದದೆ, ಇಳಿಸಿಕೊಳ್ಳಿರಿ. ಇಲ್ಲಿನ ಹಳೆಯ ಬರಹ ಕನ್ನಡದಲ್ಲಷ್ಟೇ ಇರುವುದಿಲ್ಲ, ತೆಲುಗು, ಇಂಗ್ಲಿಷ್, ದಂಡು ಪ್ರದೇಶದ ದಾಖಲೆಯಾದರೆ ತಮಿಳೂ ಬರಬಹುದು. ಓದಬಲ್ಲವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಮೇಲು. ಹರಿದ ಹಾಳೆಗೆ ಸೆಲ್ಲೋಟೇಪು ಅಂಟಿಸಬಾರದು, ಅದರ ಅಂಟು ಕಾಲಕ್ರಮದಲ್ಲಿ ಹಳದಿಗಟ್ಟಿ ಅಕ್ಷರವನ್ನೇ ಹಾಳುಮಾಡುತ್ತದೆ. ಕಿಟಕಿಯ ಬೆಳಕಿನಲ್ಲಿ, ಪುಟದ ಸಂಖ್ಯೆ ಕಾಣುವಂತೆ ಫೋಟೋ ತೆಗೆದುಕೊಂಡರೆ ಸಾಕು. ಹಿಂದಿನ ಜಾತಿ ನಮೂದಾಗಿರುವ ಪುಟಗಳನ್ನು ಆಯಾ ಮನೆಯವರನ್ನು ಕೇಳದೆ ಅಚ್ಚುಹಾಕುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಊರಿನಲ್ಲಿ ಸಿಗದ ಕಾಗದಗಳಿಗಾಗಿ ಆಡಳಿತದ ಗಡಿಯನ್ನು ನೆನಪಿಡಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು, ಆದ್ದರಿಂದ ಹಳೆಯ ಸರ್ಕಾರಿ ಕಡತಗಳನ್ನು ಚೆನ್ನೈಯಲ್ಲಿ ಹುಡುಕಬೇಕು. ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಕೈಯಲ್ಲಿದ್ದುದರಿಂದ ಅಲ್ಲಿನ ಸಭೆಗಳ ಜಾಡು ಹೈದರಾಬಾದಿನ ಕಡೆಗೆ ಹೋಗುತ್ತದೆ. ಲಂಡನ್ ಮಿಷನ್ನಿನ ಪತ್ರಗಳು ಲಂಡನ್ ವಿಶ್ವವಿದ್ಯಾಲಯದ ಸೋಯಸ್ (SOAS) ಕಾಲೇಜಿನ ಗ್ರಂಥಾಲಯದಲ್ಲಿವೆ.

ಹಿರಿಯರ ಮಾತನ್ನು ಕೇಳುವಾಗ ಇಸವಿಗಾಗಿ ಪೀಡಿಸಬೇಡಿರಿ. "ನಮ್ಮ ಮುತ್ತಜ್ಜ ಧಾತು-ಈಶ್ವರ ಬರದಾಗ ಸಭೆಗೆ ಸೇರಿದ್ರಂತ" ಎಂದು ಅಜ್ಜಿಯೊಬ್ಬರು ಹೇಳಿದರೆ ಅದು ಧಾತು, ಈಶ್ವರ ಎಂಬ ಸಂವತ್ಸರಗಳಲ್ಲಿ ಬಿದ್ದ 1876–78ರ ಬರಗಾಲ. ಆದರೆ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ, ಬರದ ಮಾತಿಲ್ಲದೆ ಬರೀ ಧಾತು ಎಂದರೆ 1936 ಕೂಡ ಆಗಬಹುದು. ಅವರ ಮಾತನ್ನು ರಿಜಿಸ್ಟರಿಗೆ ಒರೆಹಚ್ಚಿಯೇ ಬರೆಯಬೇಕು. ಎರಡೂ ಹೊಂದದಿದ್ದಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವುದು ಯಾರ ಮಾತು ಎಂದು ನಮೂದಿಸಿರಿ. ಗೋಡೆಯ ಶಿಲಾಫಲಕದ ತಾರೀಖನ್ನೂ ಹೀಗೆಯೇ ನೋಡಬೇಕು: ಅದು ಕಟ್ಟಡದ ವಯಸ್ಸು, ಸಭೆಯದಲ್ಲ, ಹೊಸ ದೇವಾಲಯ ಏಳುವ ಮುನ್ನ ಜನ ಯಾರದೋ ಮನೆಯ ಪಡಸಾಲೆಯಲ್ಲಿ ಕೂಡಿ ಆರಾಧಿಸುತ್ತಿದ್ದಿರಬಹುದು, ಮತ್ತು ಆ ಮನೆ ಯಾರದೆಂಬುದನ್ನು ಆ ಅಜ್ಜಿಯೇ ಹೇಳಬಲ್ಲರು.