ಪೇಟೆಯ ಮನೆ ಮಾರಾಟವಾಗ್ತಿಲ್ವಾ? ಕೊಳ್ಳುವವರ ಕಡೆಯಿಂದ ಲೆಕ್ಕ ಹಾಕಿ

ಕಾಸರಗೋಡು ಪೇಟೆಯಲ್ಲಿ ನಮ್ಮ ಅತ್ತೆಯ ಮನೆಯ ಗೇಟಿಗೆ ಬೋರ್ಡು ತೂಗಿಸಿ ಎರಡು ಮಳೆಗಾಲ ಕಳೆದಿತ್ತು. ನಾಲ್ಕೂವರೆ ಸೆಂಟ್ಸ್ ಜಾಗ, ಮೇಲೊಂದು ಮಹಡಿ, ಪಕ್ಕದ ಮನೆಗೆ ತಾಗಿಕೊಂಡ ಗೋಡೆ. ರೈಲ್ವೆ ಸ್ಟೇಷನ್‌ಗೆ ನಡೆದೇ ಹೋಗಬಹುದು. ಬಂದವರೆಲ್ಲ ಚಾ ಕುಡಿದು, "ಮನೆ ಒಳ್ಳೆದುಂಟು, ಹೇಳ್ತೇವೆ" ಎಂದು ಹೋದರು. ಯಾರೂ ಮತ್ತೆ ಫೋನ್ ಮಾಡಲಿಲ್ಲ.

ಅತ್ತೆ ಕೇಳುತ್ತಿದ್ದದ್ದು 65 ಲಕ್ಷ. ಮಹಡಿ ಕಟ್ಟಿಸಿದ ಖರ್ಚು, ಸಾಗುವಾನಿ ಬಾಗಿಲು, ಬೆಂಗಳೂರಿನಲ್ಲಿ ಮಗ ತೆಗೆದ ಫ್ಲಾಟಿನ ಸಾಲ, ಎಲ್ಲ ಸೇರಿ ಆ ಅಂಕಿ ಬಂದಿತ್ತು. ಅಷ್ಟೂ ಮಾರುವವರ ಲೆಕ್ಕ. ಆ ಮನೆಗೆ ಬಂದು ಇರುವವರ ಕೈಯಲ್ಲಿ ಎಷ್ಟು ಹಣ ಸೇರಬಹುದು ಎಂದು ನಾವು ಯಾರೂ ಯೋಚಿಸಿರಲಿಲ್ಲ. ಮಾರಾಟ ನಿಂತದ್ದು ಅಲ್ಲೇ.

ಮೊದಲು ಜಾಗ ಬೇರೆ, ಕಟ್ಟಡ ಬೇರೆ

ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಬೀದಿಯಲ್ಲಿ ಕಳೆದ ಒಂದೆರಡು ವರ್ಷದಲ್ಲಿ ನಿಜವಾಗಿ ಕೈಬದಲಾದ ಜಾಗಕ್ಕೆ ಸೆಂಟ್ಸಿಗೆ ಎಷ್ಟು ಸಿಕ್ಕಿತು ಎಂದು ವಿಚಾರಿಸಿ. ಕೇಳಿದ ಬೆಲೆ ಬೇಡ, ಸಿಕ್ಕಿದ ಬೆಲೆ ಬೇಕು. ಸರಕಾರದ ನ್ಯಾಯಬೆಲೆಯನ್ನೂ ನೋಡಿ. ಆದರೆ ಅದು ನೋಂದಣಿಗೆ ಇಟ್ಟ ಕನಿಷ್ಠ ಬೆಲೆ ಮಾತ್ರ, ಮಾರುಕಟ್ಟೆಯ ಬೆಲೆ ಅಲ್ಲ.

ಕಟ್ಟಡಕ್ಕೆ ವಯಸ್ಸಿದೆ. ಬ್ಯಾಂಕಿನ ಮೌಲ್ಯಮಾಪಕರು ಕಾಂಕ್ರೀಟ್ ಮನೆಯ ಆಯಸ್ಸನ್ನು ಸಾಮಾನ್ಯವಾಗಿ 60 ವರ್ಷದಂತೆ ಹಿಡಿದು, ಪ್ರತಿ ವರ್ಷಕ್ಕೆ ಸ್ವಲ್ಪ ಸ್ವಲ್ಪ ಕಳೆಯುತ್ತಾರೆ. ಲೆಕ್ಕ ಅರ್ಥವಾಗಲಿ ಎಂದು ಅಂಕಿಗಳನ್ನು ಊಹಿಸಿಕೊಳ್ಳೋಣ. ಮನೆ 1,600 ಚದರಡಿ, ವಯಸ್ಸು 22 ವರ್ಷ. ಇವತ್ತು ಅಂಥದ್ದೇ ಕಟ್ಟಲು ಚದರಡಿಗೆ 2,000 ರೂಪಾಯಿ ಆಗುತ್ತದೆ ಎಂದರೆ 32 ಲಕ್ಷ. 60 ವರ್ಷದ ಕೊನೆಗೂ ಕಟ್ಟಡದ ಬೆಲೆಯ ಹತ್ತು ಶೇಕಡಾ ಉಳಿಯುತ್ತದೆ ಎಂದುಕೊಂಡು 22 ವರ್ಷದ ಸವಕಲು ತೆಗೆದರೆ ಸುಮಾರು 21.5 ಲಕ್ಷ. ಜಾಗ ಸೆಂಟ್ಸಿಗೆ 6 ಲಕ್ಷದಂತೆ 27 ಲಕ್ಷ. ಎರಡೂ ಸೇರಿ 48.5 ಲಕ್ಷ. ಸಾಗುವಾನಿ ಬಾಗಿಲಿಗೆ ಇಲ್ಲಿ ಬೇರೆ ಸಾಲು ಇಲ್ಲ. ಅತ್ತೆಗೆ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ಆ ಮರವನ್ನು ಆರಿಸಿ ತಂದವರು ಮಾವ.

ಕೊಳ್ಳುವವರ ಜೇಬು

ಇದು ಎಲ್ಲಕ್ಕಿಂತ ಮುಖ್ಯ. ಪೇಟೆಯ ಮನೆ ಕೊಳ್ಳುವವರು ಹೆಚ್ಚಾಗಿ ಸಾಲ ಮಾಡಿಯೇ ಬರುತ್ತಾರೆ. ರಿಸರ್ವ್ ಬ್ಯಾಂಕ್ ನಿಯಮದಂತೆ, 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಮೌಲ್ಯದ 90 ಶೇಕಡಾ, 30ರಿಂದ 75 ಲಕ್ಷದ ಸಾಲಕ್ಕೆ 80 ಶೇಕಡಾ, ಅದಕ್ಕೂ ಮೇಲೆ 75 ಶೇಕಡಾ ತನಕ ಮಾತ್ರ ಬ್ಯಾಂಕ್ ಕೊಡಬಹುದು. ಮೌಲ್ಯ ಎಂದರೆ ಅವರ ಮೌಲ್ಯಮಾಪಕ ಬರೆದದ್ದು, ನೀವು ಹೇಳಿದ್ದಲ್ಲ. ಅದರ ಮೇಲೆ ಕೇರಳದಲ್ಲಿ ಮುದ್ರಾಂಕ ಶುಲ್ಕ 8 ಶೇಕಡಾ, ನೋಂದಣಿ ಶುಲ್ಕ 2 ಶೇಕಡಾ. ಇಂಥ ಮನೆಗೆ ಈ ಖರ್ಚನ್ನು ಸಾಲದಲ್ಲಿ ಸೇರಿಸುವುದಿಲ್ಲ. ಕೊಳ್ಳುವವರೇ ಕೈಯಿಂದ ಹಾಕಬೇಕು.

ಮೌಲ್ಯಮಾಪಕ 50 ಲಕ್ಷ ಬರೆದರೆ ಸಾಲ 40 ಲಕ್ಷ. ನೀವು 50ಕ್ಕೇ ಮಾರಿದರೆ ಅವರ ಕೈಯಿಂದ 10 ಲಕ್ಷ, ಶುಲ್ಕಕ್ಕೆ 5 ಲಕ್ಷ, ಒಟ್ಟು 15 ಲಕ್ಷ. ಒಬ್ಬ ಶಾಲಾ ಶಿಕ್ಷಕರು ಪಿಎಫ್ ತೆಗೆದು, ಚಿನ್ನ ಇಟ್ಟು ಅಷ್ಟು ಹೊಂದಿಸಬಹುದು. ಈಗ 65 ಕೇಳಿ ನೋಡಿ. ಸಾಲ ಅದೇ 40. ಕೈಯಿಂದ 25, ಶುಲ್ಕಕ್ಕೆ 6.5, ಒಟ್ಟು 31.5 ಲಕ್ಷ. ಬೆಲೆ ಏರಿದ್ದು 15 ಲಕ್ಷ, ಕೊಳ್ಳುವವರ ಕೈಯಿಂದ ಬೀಳುವುದು ಎರಡು ಪಟ್ಟಿಗಿಂತ ಜಾಸ್ತಿ! ಅತ್ತೆಯ ಮನೆಗೆ ಬಂದವರು ಚಾ ಕುಡಿದು ಹೋದದ್ದು ಇದಕ್ಕೇ. ಮನೆಯ ಮೇಲೆ ಅವರಿಗೆ ಬೇಸರ ಇರಲಿಲ್ಲ.

"ಆಧಾರದಲ್ಲಿ (ಕ್ರಯಪತ್ರದಲ್ಲಿ) ಕಡಿಮೆ ತೋರಿಸಿ, ಉಳಿದದ್ದು ಕೈಗೆ ಕೊಡಿ" ಎಂಬ ದಾರಿಗೆ ಹೋಗಬೇಡಿ. ಸ್ಥಿರ ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಆಧಾರದಲ್ಲಿ ಬೆಲೆ ಇಳಿಸಿದರೆ ಸಾಲವೂ ಇಳಿಯುತ್ತದೆ, ಕೊಳ್ಳುವವರಿಗೆ ಮತ್ತೂ ಕಷ್ಟ.

ನಿಮ್ಮ ಮನೆ ಯಾರಿಗೆ ಬೇಕು?

ಎರಡು ಕಾರು ನಿಲ್ಲಿಸಲು ಅಂಗಳ ಬೇಕೆನ್ನುವ ಗಲ್ಫ್ ಕುಟುಂಬ ನಾಲ್ಕೂವರೆ ಸೆಂಟ್ಸಿನ ಮನೆಗೆ ಬರುವುದಿಲ್ಲ. ಅವರನ್ನು ಕಾಯುವುದು ಬಿಡಿ. ಬದಿಯಡ್ಕ, ಮುಳ್ಳೇರಿಯ, ಪೈವಳಿಕೆ ಕಡೆಯ ತೋಟದ ಮನೆಗಳಲ್ಲಿ ಈಗ ವಯಸ್ಸಾದವರಿಬ್ಬರೇ ಇದ್ದಾರೆ. ಅವರಿಗೆ ಆಸ್ಪತ್ರೆ, ಬ್ಯಾಂಕ್, ರೈಲು ಹತ್ತಿರ ಬೇಕು. ಮಂಗಳೂರಿನ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗುವ ಮಕ್ಕಳಿರುವ ಮನೆಯವರೂ ಇದ್ದಾರೆ. ಇವರಿಗೆ ಅಂಗಳ ಸಣ್ಣದಾದರೆ ಗುಡಿಸಲು ಸುಲಭ.

ಹಾಗಾಗಿ ಖರ್ಚು ಮಾಡುವುದಾದರೆ ಕೆಳಗಿನ ಅಂತಸ್ತಿನಲ್ಲಿ ಬಚ್ಚಲು ಸೇರಿದ ಒಂದು ಮಲಗುವ ಕೋಣೆಗೆ ಮಾಡಿ. ಮೆಟ್ಟಿಲಿಗೆ ಹಿಡಿಕೆ ಹಾಕಿಸಿ. ಹೊಸ ಟೈಲ್ಸ್, ದುಬಾರಿ ಬಣ್ಣ ಬೇಡ, ಸುಮ್ನೆ ದುಡ್ಡು ಹೋಗುತ್ತದೆ.

ಬಾವಿಯ ವಿಷಯ ಎಲ್ಲರೂ ಕೇಳುತ್ತಾರೆ. ಎಪ್ರಿಲ್ ಕೊನೆಯಲ್ಲಿ ನೀರು ಎಷ್ಟಿತ್ತು, ಉಪ್ಪಾಯಿತೇ ಎಂದು ಇದ್ದದ್ದು ಇದ್ದಂತೆ ಹೇಳಿ. ನೆರೆಯವರು ಹೇಗಿದ್ದರೂ ಹೇಳುತ್ತಾರೆ. ಹೆದ್ದಾರಿ 66 ಅಗಲವಾದ ಮೇಲೆ ಹಲವು ಮನೆಗಳಿಗೆ ಹೋಗುವ ದಾರಿಯೇ ಬದಲಾಗಿದೆ. ಯಾವ ಅಂಡರ್‌ಪಾಸ್‌ನಲ್ಲಿ ತಿರುಗಿ, ಯಾವ ಸರ್ವೀಸ್ ರೋಡಿನಲ್ಲಿ ಬರಬೇಕು ಎಂದು ಫೋನಿನಲ್ಲೇ ಸರಿಯಾಗಿ ಹೇಳಿ. ಸುತ್ತಾಡಿ ಸುಸ್ತಾದವರಿಗೆ ಮನೆ ದೂರ ಅನ್ನಿಸುತ್ತದೆ.

ಮಳೆಗೆ ಮೊದಲು

ಗಲ್ಫ್‌ನಲ್ಲಿ ಶಾಲೆಗೆ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಹೊರಗಿರುವ ಮಕ್ಕಳು ಊರಿಗೆ ಬಂದು, ಅಪ್ಪ ಅಮ್ಮನಿಗಾಗಿ ಮನೆ ನೋಡುವುದೂ ಆಗಲೇ. ನಮ್ಮಲ್ಲಿ ಆಗ ಸುರಿಯುವ ಮಳೆ! ಪಕ್ಕದ ಮನೆಗೆ ತಾಗಿದ ಗೋಡೆಯಲ್ಲಿ ತೇವ, ಮುಚ್ಚಿದ ಕೋಣೆಯಲ್ಲಿ ಬೂಷ್ಟಿನ ವಾಸನೆ. ಮೇ ತಿಂಗಳೊಳಗೆ ಸೋರುವಲ್ಲಿ ಸರಿ ಮಾಡಿಸಿ. ಮಳೆಗಾಲದಲ್ಲಿ ವಾರಕ್ಕೆರಡು ಸಲ ಕಿಟಕಿ ತೆರೆದು, ಫ್ಯಾನ್ ಹಾಕಿ ಇಡಲು ಯಾರಿಗಾದರೂ ಹೇಳಿ. ನಾವು ಇಷ್ಟು ಮಾಡಿದ್ದಕ್ಕೇ ಬಂದವರು ಒಳಗೆ ಹೆಚ್ಚು ಹೊತ್ತು ನಿಂತರು.

ಕಾಗದಪತ್ರ

1956ರ ನವೆಂಬರ್ ತನಕ ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಹಳೆಯ ಆಧಾರಗಳು ಕನ್ನಡದಲ್ಲಿವೆ. ಪಯ್ಯನ್ನೂರಿನಿಂದ ಬಂದವರಿಗಾಗಲಿ, ಅವರ ಬ್ಯಾಂಕಿನ ವಕೀಲರಿಗಾಗಲಿ ಅದನ್ನು ಓದಲು ಬರುವುದಿಲ್ಲ. ಓದಲಾಗದ ಕಾಗದದ ಮೇಲೆ ಯಾರೂ ಸಾಲ ಕೊಡುವುದಿಲ್ಲ ಅಲ್ವಾ? ಹಿಂದಿನ ಆಧಾರಗಳನ್ನು ಮಲಯಾಳಕ್ಕೆ ಅನುವಾದ ಮಾಡಿಸಿಟ್ಟುಕೊಳ್ಳಿ. ಜೊತೆಗೆ ಇ.ಸಿ. (ಋಣಭಾರ ಪ್ರಮಾಣಪತ್ರ), ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ, ನಗರಸಭೆಯ ಕಟ್ಟಡ ತೆರಿಗೆ ರಶೀದಿ, ಮಹಡಿಗೆ ಪಡೆದ ಪರ್ಮಿಟ್. ಆಧಾರದಲ್ಲಿರುವ ವಿಸ್ತೀರ್ಣವೂ ವಿಲೇಜ್ ಆಫೀಸಿನ ದಾಖಲೆಯಲ್ಲಿರುವುದೂ ಒಂದೇ ಆಗಿದೆಯಾ ನೋಡಿ. ಮರುಸರ್ವೆಯಲ್ಲಿ ನಂಬರ್ ಬದಲಾಗಿರುತ್ತದೆ. ಗೇಟಿನ ಬೋರ್ಡಿನಲ್ಲೂ ಕನ್ನಡದ ಜೊತೆ ಮಲಯಾಳ ಇರಲಿ.

ಬೆಲೆ ಇಳಿಸುವಾಗ

ಇಳಿಸುವುದಾದರೆ ಒಂದೇ ಸಲ, ಸರಿಯಾದ ಅಂಕಿಗೆ ಇಳಿಸಿ. 65, 63, 61 ಎಂದು ಮೆಲ್ಲ ಇಳಿದರೆ ಜನ ಇನ್ನೂ ಕಾಯುತ್ತಾರೆ. "ಆ ಮನೆಯಾ? ಅದರಲ್ಲಿ ಏನೋ ಉಂಟು" ಎಂಬ ಮಾತೂ ಹುಟ್ಟುತ್ತದೆ. ಮೂವರು ಬ್ರೋಕರ್‌ಗಳು ಮೂರು ಬೆಲೆ ಹೇಳುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಎಲ್ಲರಿಗೂ ಒಂದೇ ಬೆಲೆ, ಒಂದೇ ಕಮಿಷನ್.

ಕಾಯುವುದಕ್ಕೂ ಖರ್ಚಿದೆ. 50 ಲಕ್ಷ ಆರೂವರೆ ಶೇಕಡಾ ಬಡ್ಡಿಗೆ ಇಟ್ಟರೆ ವರ್ಷಕ್ಕೆ 3.25 ಲಕ್ಷ. ಐದು ಲಕ್ಷ ಜಾಸ್ತಿ ಸಿಗಲಿ ಎಂದು ಎರಡು ವರ್ಷ ಮನೆಗೆ ಬೀಗ ಹಾಕಿದರೆ 6.5 ಲಕ್ಷ ಕಳೆದುಕೊಂಡಿರುತ್ತೀರಿ. ಅತ್ತೆಯನ್ನು ಒಪ್ಪಿಸಿದ್ದು ಈ ಲೆಕ್ಕವೇ. ಅವರು 51ಕ್ಕೆ ಇಳಿಸಿದರು. ನಿವೃತ್ತ ದಂಪತಿಯೊಂದು 49.5ಕ್ಕೆ ಮಾತು ಮುಗಿಸಿತು.

ಕರಾರು ಬರೆಯುವಾಗ ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಬರಲಿ. ಸಾಲ ಮಂಜೂರಾಗಲು ಬೇಕಾದಷ್ಟು ಅವಧಿ ಕೊಡಿ. ಮೊತ್ತ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ನಿಮಗೆ ಕೊಡುವ ಹಣದಿಂದಲೇ 1 ಶೇಕಡಾ ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು. ಮಾರುವವರು ಹೊರದೇಶದಲ್ಲಿ ನೆಲೆಸಿದ್ದರೆ ನಿಯಮ ಬೇರೆ, ಹಿಡಿಯುವುದೂ ಜಾಸ್ತಿ. ಆಗ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿ. ಕೀಲಿ ಕೊಡುವ ದಿನ ಕರೆಂಟಿನ ಮತ್ತು ನೀರಿನ ಮೀಟರ್ ಎರಡನ್ನೂ ಇಬ್ಬರೂ ನಿಂತು ನೋಡಿ, ಅಂಕಿ ಬರೆದು ಸಹಿ ಹಾಕಿ.