ಸದ್ದು ಕೇಳಿದರಷ್ಟೇ ಓಡುವ ಟೇಪು: ವಿಒಆರ್ ಕ್ಯಾಸೆಟ್ ರೆಕಾರ್ಡರ್ ಬಳಸುವುದು ಹೇಗೆ?

ಅಟ್ಟದ ಪೆಟ್ಟಿಗೆಯಿಂದಲೋ ಹಳೇ ಸಾಮಾನಿನ ಅಂಗಡಿಯಿಂದಲೋ ಕೈಹಿಡಿಯಷ್ಟಿನ ಕ್ಯಾಸೆಟ್ ರೆಕಾರ್ಡರ್ ಒಂದು ಸಿಕ್ಕಿದ್ದರೆ ಅದರ ಮೈಮೇಲೆ ಪುಟ್ಟ ಸ್ವಿಚ್ಚೊಂದನ್ನು ಹುಡುಕಿ. ಸೋನಿಯ ಟಿಸಿಎಂ ಸರಣಿಯದಾದರೆ ಅಲ್ಲಿ ‘ವಿಒಆರ್’ ಎಂದಿರುತ್ತದೆ, ಪ್ಯಾನಸೋನಿಕ್‌ನದಾದರೆ ‘ವಿಎಎಸ್’, ಇತರ ಕೆಲವು ಕಂಪನಿಗಳದ್ದರಲ್ಲಿ ‘ವಾಕ್ಸ್’. ಹೆಸರು ಏನಿದ್ದರೂ ಕೆಲಸ ಒಂದೇ: ಸದ್ದು ಕೇಳಿದಾಗ ಟೇಪು ಓಡಿಸುವುದು, ಸದ್ದಡಗಿದ ಮೇಲೆ ನಿಲ್ಲಿಸುವುದು. ಟೇಪು ಉಳಿಯುತ್ತದಲ್ಲ ಎಂದು ಇದನ್ನು ಸದಾ ಆನ್ ಮಾಡಿಟ್ಟುಕೊಳ್ಳುವವರು ಬಹಳ. ಅಂಥವರ ಕ್ಯಾಸೆಟ್ಟಿನಲ್ಲಿ ಪ್ರತಿ ವಾಕ್ಯದ ತಲೆ ಹಾರಿರುತ್ತದೆ. ಇದನ್ನು ಯಾವಾಗ ಆಫ್ ಮಾಡಿಡಬೇಕು ಎಂಬುದನ್ನು ಮೊದಲು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಒಳಗೆ ನಡೆಯುವುದೇನು

ರೆಕಾರ್ಡ್ ಗುಂಡಿ ಒತ್ತಿದ ಕೂಡಲೇ ಮೈಕೂ ಆಂಪ್ಲಿಫೈಯರೂ ಎಚ್ಚರವಾಗುತ್ತವೆ. ಮೈಕಿನಿಂದ ಬಂದ ಸದ್ದು ನಿಗದಿ ಮಾಡಿದ ಮಟ್ಟ ದಾಟಿತೇ ಎಂದು ಒಂದು ಸರ್ಕ್ಯೂಟ್ ನೋಡುತ್ತಿರುತ್ತದೆ. ದಾಟಿದರೆ ಮೋಟಾರಿಗೆ ಕರೆಂಟು. ಸದ್ದು ನಿಂತ ಮೇಲೂ ಕೆಲವು ಸೆಕೆಂಡು ಓಡಿಸಿ ಆಮೇಲೆ ನಿಲ್ಲಿಸುತ್ತದೆ, ಇಲ್ಲವಾದರೆ ಉಸಿರು ತೆಗೆದುಕೊಂಡಾಗಲೆಲ್ಲ ಟೇಪು ನಿಲ್ಲಬೇಕಾಗುತ್ತಿತ್ತು.

ತೊಂದರೆ ಇರುವುದು ಓಟದ ಆರಂಭದಲ್ಲಿ. ಮೋಟಾರು, ಬೆಲ್ಟು, ಫ್ಲೈವೀಲ್ ಮೂರೂ ಸೇರಿ ಟೇಪನ್ನು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗಕ್ಕೆ ತರಲು ಅರ್ಧ ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಅಷ್ಟರೊಳಗೆ ಆಡಿದ ಅಕ್ಷರ ಟೇಪಿಗೆ ಬೀಳುವುದೇ ಇಲ್ಲ, ಬಿದ್ದರೂ ನಿಧಾನವಾಗಿ ಓಡುತ್ತಿದ್ದ ಟೇಪಿನ ಮೇಲೆ ಬಿದ್ದಿರುತ್ತದೆ. ಕೇಳುವಾಗ ಅದು ‘ಚೀಂಯ್’ ಎಂಬ ಎಳೆತವಾಗಿ ಬರುತ್ತದೆ. ಕನ್ನಡದಲ್ಲಿ ಇದರ ಅಪಾಯ ತಿಳಿಯಬೇಕಾದರೆ ‘ಉಹೂಂ’ ಎಂಬ ಉತ್ತರವನ್ನು ವಿಒಆರ್ ಹಾಕಿ ರೆಕಾರ್ಡ್ ಮಾಡಿ ಕೇಳಿ. ಮೊದಲ ‘ಉ’ ಮಾಯವಾಗಿ ‘ಹೂಂ’ ಉಳಿದಿರುತ್ತದೆ. ಇಲ್ಲ ಎಂದವರು ಹೌದು ಎಂದಂತಾಯಿತು. ಸಂದರ್ಶನಕ್ಕೆ, ಹೇಳಿಕೆ ಬರೆದುಕೊಳ್ಳುವುದಕ್ಕೆ ವಿಒಆರ್ ಬೇಡವೇ ಬೇಡ ಎನ್ನುವುದು ಇದಕ್ಕಾಗಿ.

ಹಾಗೆಂದು ಈ ಏರ್ಪಾಡು ಅಗ್ಗದ ಆಟಿಕೆಗಷ್ಟೇ ಸೀಮಿತವಾಗಿರಲಿಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್ 1971ರಲ್ಲಿ ಓವಲ್ ಆಫೀಸಿನಲ್ಲಿ ಹಾಕಿಸಿದ್ದ ಗುಪ್ತ ಟೇಪುಗಳೂ ಸದ್ದಿಗೆ ತಾವಾಗಿಯೇ ಓಡುವಂಥವು. ಅವು ಕ್ಯಾಸೆಟ್ ಅಲ್ಲ, ತೆರೆದ ರೀಲಿನ ಸೋನಿ ಯಂತ್ರಗಳು.

ಮೊದಲು ಯಂತ್ರದ ತಪಾಸಣೆ

ಬ್ಯಾಟರಿ ಗೂಡು ತೆರೆಯಿರಿ. ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಇದ್ದರೆ ಹಳೇ ಸೆಲ್ ಸೋರಿದೆ ಎಂದರ್ಥ. ಇಯರ್‌ಬಡ್ಡಿಗೆ ಎರಡು ಹನಿ ವಿನಿಗರ್ ಅಥವಾ ನಿಂಬೆರಸ ಹಾಕಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಹೆಚ್ಚಿನ ಮಾದರಿಗಳಿಗೆ ಎರಡು ಎಎ ಸೆಲ್ ಸಾಕು. ಆಲ್ಕಲೈನ್ ಹಾಕಿ. ರೀಚಾರ್ಜ್ ಆಗುವ 1.2 ವೋಲ್ಟಿನ ಸೆಲ್ಲಿನಲ್ಲೂ ಓಡುತ್ತದೆ, ಆದರೆ ಬ್ಯಾಟರಿ ದೀಪ ಬೇಗ ಮಂಕಾಗಿ ಸುಳ್ಳು ಎಚ್ಚರಿಕೆ ಕೊಡುತ್ತದೆ. ಅಗ್ಗದ ಅಡಾಪ್ಟರ್ ಚುಚ್ಚಿದರೆ ಅದರ ‘ಗುಂಯ್’ ರೆಕಾರ್ಡಿಂಗಿಗೂ ಸೇರಿಕೊಳ್ಳುತ್ತದೆ.

ಬಾಗಿಲು ತೆರೆದು, ಕ್ಯಾಸೆಟ್ ಇಲ್ಲದೆಯೇ ಪ್ಲೇ ಒತ್ತಿದರೆ ಹೆಡ್ಡು ಮುಂದೆ ಬರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್‌ಬಡ್ಡಿನಿಂದ ಹೆಡ್ಡಿನ ಹೊಳೆಯುವ ಮುಖ, ಪಕ್ಕದ ಅಳಿಸುವ ಹೆಡ್ಡು, ತಿರುಗುವ ಸಣ್ಣ ಲೋಹದ ಕಡ್ಡಿ (ಕ್ಯಾಪ್‌ಸ್ಟನ್) ಇಷ್ಟನ್ನೂ ಬಡ್ಡಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಿ. ಕಡ್ಡಿಗೆ ಒತ್ತಿಕೊಳ್ಳುವ ರಬ್ಬರ್ ಚಕ್ರಕ್ಕೆ ಆಲ್ಕೋಹಾಲ್ ಧಾರಾಳ ಬೇಡ, ರಬ್ಬರು ಗಟ್ಟಿಯಾಗುತ್ತದೆ. ಸ್ವಲ್ಪ ತೇವ ಮಾಡಿದ ಬಟ್ಟೆಯೇ ಸಾಕು. ಸ್ಯಾನಿಟೈಸರ್ ಜೆಲ್ಲಂತೂ ಹತ್ತಿರ ತರಬೇಡಿ, ಅದರ ಅಂಟು ಅಲ್ಲೇ ಉಳಿಯುತ್ತದೆ. ಹತ್ತು ನಿಮಿಷ ಆರಲು ಬಿಡಿ.

ಈಗ ಹೋದರೂ ಚಿಂತೆಯಿಲ್ಲದ ಹಳೇ ಹಾಡಿನ ಕ್ಯಾಸೆಟ್ ಹಾಕಿ ಕೇಳಿ. ಮೋಟಾರಿನ ಸದ್ದಿದ್ದೂ ಚಕ್ರ ತಿರುಗದಿದ್ದರೆ ಬೆಲ್ಟು ತುಂಡಾಗಿದೆ, ಇಲ್ಲವೇ ಕರಗಿ ಡಾಂಬರಾಗಿದೆ. ಹಾಡು ತೂರಾಡಿದರೆ ಬೆಲ್ಟು ಸಡಿಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಗೆಬಗೆ ಅಳತೆಯ ಬೆಲ್ಟು ಕೇಳಿ ನೋಡಬಹುದು. ಹಿಗ್ಗಿದ ಹಳೇ ಬೆಲ್ಟಿನ ಸುತ್ತಳತೆಗಿಂತ ಶೇ 5ರಷ್ಟು ಚಿಕ್ಕದನ್ನು ಕೇಳಿ ತನ್ನಿ. ತುಂಬಾ ಬಿಗಿಯಾದದ್ದು ಹಾಕಿದರೆ ಮೋಟಾರು ಎದ್ದು ಓಡುವುದು ಇನ್ನೂ ತಡವಾಗಿ, ನುಂಗುವ ಅಕ್ಷರ ಒಂದರ ಬದಲು ಎರಡಾಗುತ್ತದೆ.

ಕ್ಯಾಸೆಟ್ ಯಾವುದು?

ಸಿ-60 (ಎರಡೂ ಬದಿ ಸೇರಿ 60 ನಿಮಿಷದ್ದು) ಎಲ್ಲಕ್ಕಿಂತ ಒಳ್ಳೆಯದು, ಸಿ-90 ಪರವಾಗಿಲ್ಲ, ಸಿ-120 ಬೇಡ. ಸಿ-60ರ ಟೇಪು ಸುಮಾರು 18 ಮೈಕ್ರಾನ್ ದಪ್ಪ, ಸಿ-120ರದ್ದು ಅದರ ಅರ್ಧ. ಮಾತುಮಾತಿಗೂ ನಿಂತು ಎಳೆಯುವ ವಿಒಆರ್‌ಗೆ ಆ ತೆಳ್ಳನೆ ಟೇಪು ಸಿಕ್ಕಿದರೆ ರೋಲರಿಗೆ ಸುತ್ತಿಕೊಳ್ಳುವುದು ಖಚಿತ ಎಂದೇ ಇಟ್ಟುಕೊಳ್ಳಿ. ‘ಟೈಪ್ 1’ ಅಥವಾ ‘ನಾರ್ಮಲ್’ ಎಂದು ಬರೆದದ್ದನ್ನೇ ಕೊಳ್ಳಿ. ಟಿಡಿಕೆ ಡಿ, ಸೋನಿ ಎಚ್‌ಎಫ್, ಮ್ಯಾಕ್ಸೆಲ್ ಯುಆರ್ ಈ ಜಾತಿಯವು. ದುಬಾರಿ ಕ್ರೋಮ್ ಟೇಪಿಗೆ ಬೇಕಾದ ಬಯಾಸ್ (ಧ್ವನಿ ಸರಿಯಾಗಿ ಹತ್ತಲೆಂದು ಹೆಡ್ಡಿಗೆ ಜೊತೆಯಾಗಿ ಕೊಡುವ ಕರೆಂಟು) ಕೊಡುವ ಶಕ್ತಿ ಈ ಪುಟ್ಟ ಯಂತ್ರಕ್ಕಿಲ್ಲ.

ರೆಕಾರ್ಡ್ ಗುಂಡಿ ಒತ್ತಲಾಗದಿದ್ದರೆ ಯಂತ್ರ ಕೆಟ್ಟಿಲ್ಲ, ಕ್ಯಾಸೆಟ್ಟಿನ ಹಿಂಬದಿಯ ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರಿದಿದೆ. ಹಲ್ಲು ಹೋದ ಆ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿದರಾಯಿತು. ವರ್ಷಗಟ್ಟಲೆ ಕೂತ ಕ್ಯಾಸೆಟ್ಟಾದರೆ ಒಮ್ಮೆ ಕೊನೆವರೆಗೂ ಮುಂದೆ ಓಡಿಸಿ, ವಾಪಸ್ ಸುತ್ತಿಸಿ. ಕೊನೆಗೆ ಪೆನ್ಸಿಲ್ ತೂರಿಸಿ ಸಡಿಲವನ್ನು ಎಳೆದು, ಮೊದಲಿನ ಬಣ್ಣದ ಪ್ಲಾಸ್ಟಿಕ್ ಪಟ್ಟಿ (ಲೀಡರ್) ದಾಟುವವರೆಗೆ ತಿರುಗಿಸಿ. ಲೀಡರ್ ಮೇಲೆ ಧ್ವನಿ ಹತ್ತುವುದಿಲ್ಲ. ಅದು ಸುಮಾರು ಐದಾರು ಸೆಕೆಂಡಿನಷ್ಟು ಉದ್ದ. ವಿಒಆರ್‌ನಲ್ಲಾದರೆ ಅಷ್ಟು ಹೊತ್ತಿನಲ್ಲಿ ಇಡೀ ಮೊದಲ ಮಾತೇ ಹೋಗಿಬಿಡಬಹುದು.

ಮಟ್ಟ ಹೊಂದಿಸುವುದು

ಕೆಲಸ ಕೆಡುವುದೂ ಸರಿಹೋಗುವುದೂ ಇಲ್ಲೇ. ಕೆಲವು ಯಂತ್ರಗಳಲ್ಲಿ ‘ಎಚ್’, ‘ಎಲ್’, ‘ಆಫ್’ ಎಂದು ಮೂರು ಸ್ಥಾನ. ‘ಎಚ್’ ಎಂದರೆ ಕಿವಿ ಚುರುಕು, ಪಿಸುಮಾತಿಗೂ ಏಳುತ್ತದೆ. ‘ಎಲ್’ ಎಂದರೆ ಮಂದ, ಗದ್ದಲದ ಜಾಗಕ್ಕೆ. ಇದನ್ನು ಸದ್ದಿನ ಎತ್ತರ ಎಂದು ತಿಳಿದು ಉಲ್ಟಾ ಹಾಕುವವರೇ ಹೆಚ್ಚು. ಬೇರೆ ಯಂತ್ರಗಳಲ್ಲಿ ತಿರುಗಿಸುವ ಚಕ್ರ ಇರುತ್ತದೆ.

ರೆಕಾರ್ಡರನ್ನು ಬರಿ ಮೇಜಿನ ಮೇಲೆ ಇಡಬೇಡಿ. ಒಳಗಿನ ಮೈಕಿಗೆ ತನ್ನದೇ ಮೋಟಾರಿನ ಗುರುಗುಟ್ಟುವಿಕೆ ಹಲಗೆಯ ಮೂಲಕ ಕೇಳಿ, ಅದೇ ಸದ್ದಿಗೆ ಯಂತ್ರ ತನ್ನನ್ನು ತಾನೇ ಎಬ್ಬಿಸಿಕೊಂಡು ನಿಲ್ಲದೆ ಓಡುವುದುಂಟು. ನಾಲ್ಕು ಮಡಿಕೆಯ ಟವೆಲ್ ಹಾಸಿ. ಬಾಯಿಂದ ಮೈಕಿಗೆ 20ರಿಂದ 30 ಸೆಂಟಿಮೀಟರ್ ದೂರ, ನೇರ ಎದುರಿಗಲ್ಲ, ತುಸು ಓರೆಯಾಗಿ. ‘ಪ’, ‘ಭ’ ಹೊರಡುವಾಗಿನ ಗಾಳಿ ಮೈಕಿಗೆ ಬಡಿಯಬಾರದು. ಸೀಲಿಂಗ್ ಫ್ಯಾನ್ ಆಫ್ ಮಾಡಿ. ಮೊಬೈಲನ್ನು ಒಂದು ಮೀಟರಾದರೂ ದೂರ ಇಡಿ.

ಚಕ್ರವಿದ್ದರೆ ಹೀಗೆ ಮಾಡಿ. ಅದನ್ನು ಅತ್ಯಂತ ಚುರುಕಿನ ತುದಿಗೆ ತಿರುಗಿಸಿ, ರೆಕಾರ್ಡ್ ಒತ್ತಿ, ಸುಮ್ಮನಿರಿ. ಕೋಣೆಯ ಸದ್ದಿಗೇ ಟೇಪು ಓಡುತ್ತಿರುತ್ತದೆ. ರೆಕಾರ್ಡರಿನ ಬಾಗಿಲಲ್ಲಿರುವ ಕಿಟಕಿಯಿಂದ ರೀಲು ನೋಡುತ್ತ ಚಕ್ರವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ, ನಾಲ್ಕೈದು ಸೆಕೆಂಡು ಕಾಯಿರಿ. ಕಾಯದೆ ತಿರುಗಿಸುತ್ತ ಹೋದರೆ ಸರಿಯಾದ ಜಾಗ ದಾಟಿಹೋಗುತ್ತದೆ, ಏಕೆಂದರೆ ಸದ್ದು ನಿಂತ ಮೇಲೂ ಅದು ಕೆಲವು ಸೆಕೆಂಡು ಓಡುತ್ತದೆಂದು ಹೇಳಿದೆವಲ್ಲ. ರೀಲು ನಿಂತ ಜಾಗದಲ್ಲಿ ಕೈಬಿಟ್ಟು, ನಿಮ್ಮ ಅತ್ಯಂತ ಮೆಲುದನಿಯಲ್ಲಿ ಒಂದು ವಾಕ್ಯ ಹೇಳಿ. ತಟ್ಟನೆ ಓಡಿದರೆ ಮಟ್ಟ ಸರಿಯಿದೆ. ದನಿ ಏರಿಸಿದ ಮೇಲಷ್ಟೇ ಓಡಿದರೆ ಯಂತ್ರವನ್ನು ಹತ್ತಿರ ತನ್ನಿ. ಚಕ್ರಕ್ಕೆ ಮತ್ತೆ ಕೈ ಹಾಕಬೇಡಿ.

ಮಿಕ್ಸಿ, ಟ್ರಾಫಿಕ್, ಮಳೆಯ ಹೆಂಚು ಇರುವ ಕಡೆ ಯಾವ ಮಟ್ಟವೂ ಸರಿಬರುವುದಿಲ್ಲ. ಇಂಥ ಯಂತ್ರಗಳಲ್ಲಿ ಧ್ವನಿ ಮಟ್ಟ ತಾನಾಗಿಯೇ ಹೊಂದಿಕೊಳ್ಳುವ ಏರ್ಪಾಡೂ ಇರುವುದರಿಂದ, ನೀವು ಸುಮ್ಮನಾದಾಗ ಹಿನ್ನೆಲೆ ಸದ್ದು ಉಬ್ಬಿ ಬರುತ್ತದೆ. ಅಲ್ಲಿ ವಿಒಆರ್ ಆಫ್ ಮಾಡಿ, ಟೇಪನ್ನು ತಡೆದು ನಿಲ್ಲಿಸುವ ಪಾಸ್ ಗುಂಡಿಯನ್ನೇ ಬಳಸಿ.

ಮಾತಾಡುವ ಕ್ರಮ

ವಿಒಆರ್ ಒಬ್ಬರೇ ಕೂತು ಟಿಪ್ಪಣಿ ಹೇಳಿಕೊಳ್ಳುವುದಕ್ಕೆ ಹೇಳಿಮಾಡಿಸಿದ್ದು: ತೋಟದಲ್ಲಿ ಗಿಡಗಳ ಲೆಕ್ಕ, ಗೋದಾಮಿನ ದಾಸ್ತಾನು, ಎರಡೂ ಕೈಗೆ ಕೆಲಸವಿರುವಾಗಿನ ಪಟ್ಟಿ. ಪ್ರತಿ ಸಲವೂ ಮೊದಲು ‘ಹಾಂ’ ಎನ್ನಿ, ರೀಲು ತಿರುಗಿದ್ದು ಕಂಡ ಮೇಲೆ ವಿಷಯ ಶುರುಮಾಡಿ. ಹೋದರೆ ‘ಹಾಂ’ ಹೋಗಲಿ. ವಾಕ್ಯವನ್ನು ಅಂಕಿಯಿಂದ ಶುರು ಮಾಡಬೇಡಿ. ‘ಇಪ್ಪತ್ತೈದು ತೆಂಗು’ ಎಂದದ್ದು ‘ಐದು ತೆಂಗು’ ಆಗಿಬಿಟ್ಟರೆ ಆಮೇಲೆ ಕಂಡುಹಿಡಿಯಲು ದಾರಿಯಿಲ್ಲ. ‘ತೆಂಗು, ಇಪ್ಪತ್ತೈದು’ ಎನ್ನಿ.

ಗಂಟೆ ಎಷ್ಟೆಂದು ಬಾಯಲ್ಲೇ ಹೇಳಿ. ಟೇಪಿನಲ್ಲಿ ಮೌನಗಳೇ ಇಲ್ಲದ್ದರಿಂದ ಎರಡು ಮಾತಿನ ನಡುವೆ ಹತ್ತು ಸೆಕೆಂಡು ಕಳೆಯಿತೋ ಎರಡು ತಾಸೋ ತಿಳಿಯುವುದಿಲ್ಲ. ಮೂರಂಕಿಯ ಕೌಂಟರ್ ರೀಲಿನ ಸುತ್ತು ಎಣಿಸುತ್ತದೆಯೇ ಹೊರತು ನಿಮಿಷವನ್ನಲ್ಲ.

ಅಜ್ಜಿಯ ಸೋಬಾನೆ ಪದ, ತಾಳಮದ್ದಳೆ, ಮಗುವಿನ ತೊದಲು ಇಂಥವಕ್ಕೆ ವಿಒಆರ್ ಕಡ್ಡಾಯವಾಗಿ ಆಫ್ ಇರಲಿ. ಸಾಲಿನ ಕೊನೆಯ ಇಳಿದನಿಗೆ ಟೇಪು ನಿಂತು, ಮುಂದಿನ ಸಾಲಿನ ಎತ್ತುಗಡೆ ಕಡಿದುಹೋಗುತ್ತದೆ. ತಾಳದ ಲೆಕ್ಕವೂ ಹಾಳು. ಅರ್ಧ ವೇಗದ ಸ್ವಿಚ್ (2.4 ಸೆಂ.ಮೀ.) ಇದ್ದರೆ ಅದನ್ನೂ ಹಾಡಿಗೆ ಮುಟ್ಟಬೇಡಿ. ಅದು ಸಿ-60ರ ಒಂದು ಬದಿಯಲ್ಲಿ ಒಂದು ಗಂಟೆ ಹಿಡಿಸುತ್ತದೆ ನಿಜ, ಆದರೆ ‘ಸ’, ‘ಶ’ ಎರಡೂ ಒಂದೇ ಆಗಿ ಕೇಳುತ್ತವೆ.

ಕೆಲಸ ಮುಗಿದ ಮೇಲೆ ಸ್ಟಾಪ್ ಒತ್ತಲೇಬೇಕು. ಟೇಪು ತಾನಾಗಿಯೇ ನಿಂತಿದೆಯಲ್ಲ ಎಂದು ಹಾಗೇ ಬಿಟ್ಟರೆ ಆಂಪ್ಲಿಫೈಯರ್ ಬ್ಯಾಟರಿ ಕುಡಿಯುತ್ತಲೇ ಇರುತ್ತದೆ. ಜೊತೆಗೆ ರಬ್ಬರ್ ಚಕ್ರ ಕಡ್ಡಿಗೆ ಒತ್ತಿಕೊಂಡೇ ಇರುವುದರಿಂದ ರಾತ್ರಿ ಕಳೆಯುವುದರೊಳಗೆ ಅದರ ಮೇಲೆ ತಗ್ಗು ಬಿದ್ದು, ಆಮೇಲೆ ಸುತ್ತುಸುತ್ತಿಗೂ ‘ಟಪ್ ಟಪ್’ ಎಂದು ಧ್ವನಿ ಕುಣಿಯುತ್ತದೆ.

ಕೆಟ್ಟರೆ ಕಾರಣ ಏನಿರಬಹುದು

ನಿಮ್ಮ ದನಿ ಗುಬ್ಬಚ್ಚಿಯಂತೆ ಕೇಳುತ್ತಿದೆಯೇ? ರೆಕಾರ್ಡ್ ಮಾಡುವಾಗ ಸೆಲ್ ಸೋತು ಟೇಪು ನಿಧಾನ ಓಡಿತ್ತು, ಈಗ ಹೊಸ ಸೆಲ್ಲಿನಲ್ಲಿ ಸರಿಯಾದ ವೇಗಕ್ಕೆ ಓಡುತ್ತಿದೆ. ಅಥವಾ ಅರ್ಧ ವೇಗದಲ್ಲಿ ಹಿಡಿದದ್ದನ್ನು ಪೂರ್ಣ ವೇಗದಲ್ಲಿ ಹಾಕಿದ್ದೀರಿ. ಹೊಸ ಮಾತಿನ ಹಿಂದೆ ಹಳೆಯದು ತೆಳುವಾಗಿ ಕೇಳಿದರೆ ಅಳಿಸುವ ಹೆಡ್ಡು ಕೊಳೆಯಾಗಿದೆ. ಹೊರಗಿನ ಮೈಕ್ ಚುಚ್ಚಿದ ಮೇಲೆ ಟೇಪು ಏಳುವುದೇ ಇಲ್ಲವೆಂದರೆ ಅದರ ಮೇಲಿನ ಸ್ವಿಚ್ ನೋಡಿ, ಪಕ್ಕದ 2.5 ಮಿ.ಮೀ. ರಿಮೋಟ್ ಪಿನ್ ಮೋಟಾರನ್ನೇ ನಿಲ್ಲಿಸಿರಬಹುದು. ಕೇಳುವಾಗಲೂ ಟೇಪು ನಿಂತುನಿಂತು ಓಡಿದರೆ ವಿಒಆರ್ ಆಫ್ ಮಾಡಿ ನೋಡಿ, ಕೆಲವು ಅಗ್ಗದ ಮಾದರಿಗಳಲ್ಲಿ ಆ ಸ್ವಿಚ್ ಪ್ಲೇಯಲ್ಲೂ ಮೂಗು ತೂರಿಸುತ್ತದೆ.

ಆಮೇಲೆ

ಉಳಿಸಬೇಕಾದ ಬದಿಯನ್ನು ಎದುರಿಗೆ ಹಿಡಿದು, ಟೇಪು ಕಾಣುವ ಅಂಚು ಕೆಳಗಿರುವಂತೆ ಮಾಡಿದರೆ ಎಡಮೂಲೆಯಲ್ಲಿರುವುದು ಆ ಬದಿಯ ಹಲ್ಲು. ಅದನ್ನು ಮುರಿಯಿರಿ. ಚೀಟಿಯ ಮೇಲೆ ತಾರೀಖು, ಯಂತ್ರದ ಮಾದರಿ, ಟೇಪಿನ ವೇಗ, ‘ವಿಒಆರ್ ಆನ್’ ಎಂಬ ನಾಲ್ಕನ್ನೂ ಬರೆಯಿರಿ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಆ ಕ್ಯಾಸೆಟ್ಟನ್ನು ನಿಮ್ಮ ಒಳ್ಳೆಯ ಯಂತ್ರಕ್ಕೆ ಹಾಕಬೇಡಿ, ಹೆಡ್ಡಿನಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಕಂಪ್ಯೂಟರಿಗೆ ಇಳಿಸುವಾಗ ಸಾಧ್ಯವಾದರೆ ರೆಕಾರ್ಡ್ ಮಾಡಿದ ಯಂತ್ರದಲ್ಲೇ ಹಾಕಿ, ಹೆಡ್ಡಿನ ಓರೆ ಅದಕ್ಕೇ ಹೊಂದಿರುತ್ತದೆ. ಇಯರ್‌ಫೋನ್ ತೂತಿನಿಂದ ಯುಎಸ್‌ಬಿ ಸೌಂಡ್ ಕಾರ್ಡಿನ ಲೈನ್-ಇನ್‌ಗೆ ಕೇಬಲ್, ವಾಲ್ಯೂಮ್ ಅರ್ಧಕ್ಕೆ, ಅಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಮೊನೊ, 44,100 ಹರ್ಟ್ಸ್, ವೇವ್ ಕಡತ. ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಅರ್ಧ ವೇಗದ ಟೇಪನ್ನು ಮಾಮೂಲಿ ಪ್ಲೇಯರಿನಲ್ಲಿ ಹಾಕಿಯೇ ಇಳಿಸಿಕೊಂಡಿದ್ದರೆ, ಅಡಾಸಿಟಿಯಲ್ಲಿ ವೇಗ ಮತ್ತು ಶ್ರುತಿಯನ್ನು ಒಟ್ಟಿಗೆ 0.5ಕ್ಕೆ ಇಳಿಸಿದರೆ ದನಿ ಸರಿಯಾಗುತ್ತದೆ. ಓಟದ ಆರಂಭದ ‘ಚೀಂಯ್’ಗಳನ್ನು ಕತ್ತರಿಸಬೇಡಿ, ಎಲ್ಲೆಲ್ಲಿ ಟೇಪು ನಿಂತು ಎದ್ದಿತ್ತು ಎಂಬುದಕ್ಕೆ ಇರುವ ಗುರುತು ಅದೊಂದೇ.