ಆಕಾಶದ ಬೆಳಕಿನ ಧ್ರುವೀಕರಣವನ್ನು ಬಣ್ಣಬಣ್ಣಕ್ಕೆ ಅಳೆದ ನನ್ನ ಅನುಭವ

ಪೋಲರಾಯ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ) ಚೂರನ್ನು ಕಣ್ಣಿನ ಮುಂದೆ ಹಿಡಿದು ತಿರುಗಿಸಿದರೆ ನೀಲಿ ಆಕಾಶ ಒಮ್ಮೆ ಮಬ್ಬಾಗಿ, ಒಮ್ಮೆ ಬೆಳಗುವುದನ್ನು ನಿಮ್ಮಲ್ಲಿ ಸುಮಾರು ಜನ ನೋಡಿರಬಹುದು. 1809ರಲ್ಲಿ ಫ್ರೆಂಚ್ ವಿಜ್ಞಾನಿ ಅರಾಗೊ ಕಂಡದ್ದೂ ಇದನ್ನೇ. ನನಗೆ ತಿಳಿಯಬೇಕಾಗಿದ್ದದ್ದು ಬೇರೆ: ಈ ಧ್ರುವೀಕರಣ, ಅಂದರೆ ಬೆಳಕು ಒಂದು ದಿಕ್ಕಿನಲ್ಲೇ ಹೆಚ್ಚು ಕಂಪಿಸುವುದು, ಕೆಂಪಿನಲ್ಲಿ ಎಷ್ಟು, ಹಸಿರಿನಲ್ಲಿ ಎಷ್ಟು, ನೀಲಿಯಲ್ಲಿ ಎಷ್ಟು?

ಉಪಕರಣಕ್ಕೆ ಜಾಸ್ತಿ ಖರ್ಚಿಲ್ಲ. ಒಳಗೆ ಕಪ್ಪು ಕಾಗದ ಸುತ್ತಿದ ಪಿವಿಸಿ ಪೈಪು, ಬಾಯಿಗೆ ಎರಡು ಬ್ಲೇಡ್ ಚೂರುಗಳ ಸೀಳು, ತುದಿಯಲ್ಲಿ ಡಿವಿಡಿಯ ಪದರ ಬಿಡಿಸಿ ಸ್ಪಿರಿಟ್‌ನಲ್ಲಿ ಬಣ್ಣ ತೊಳೆದ ತುಂಡು. ಡಿವಿಡಿಯಲ್ಲಿ ಒಂದು ಮಿಲಿಮೀಟರಿಗೆ ಸುಮಾರು 1350 ಗೆರೆ ಇರುತ್ತವೆ, ಹಾಗಾಗಿ ರೋಹಿತ (ಬೆಳಕಿನ ಬಣ್ಣಗಳ ಪಟ್ಟಿ) ಚೆನ್ನಾಗಿ ಹರಡಿಕೊಳ್ಳುತ್ತದೆ. ಬೆಳಕು ಓರೆಯಾಗಿ ಹೊರಬರುವುದರಿಂದ ಫೋನನ್ನೂ ಅದೇ ಓರೆಯಲ್ಲಿ ಹಲಗೆಗೆ ಬಿಗಿದೆ.

ಇಲ್ಲಿ ಮುಖ್ಯವಾದ ಮಾತೊಂದಿದೆ. ಗ್ರೇಟಿಂಗೇ, ಅಂದರೆ ಬಣ್ಣ ಬಿಡಿಸುವ ಆ ಡಿವಿಡಿ ತುಂಡೇ, ಬೆಳಕನ್ನು ಧ್ರುವೀಕರಿಸುತ್ತದೆ! ಪರೀಕ್ಷಿಸಬೇಕಾದರೆ ನಾಲ್ಕೈದು ಪದರ ಟ್ರೇಸಿಂಗ್ ಪೇಪರಿನ ಹಿಂದೆ ಬಲ್ಬು ಇಟ್ಟು ನೋಡಿ. ಆ ಬೆಳಕಿಗೆ ಧ್ರುವೀಕರಣವೇ ಇಲ್ಲ ಎನ್ನಬಹುದು, ಆದರೂ ಸೀಳಿನ ಮುಂದೆ ಪೋಲರಾಯ್ಡ್ ತಿರುಗಿಸಿದರೆ ರೋಹಿತದ ಹೊಳಪು ಏರಿಳಿಯುತ್ತದೆ, ಅದೂ ಒಂದೊಂದು ಬಣ್ಣದಲ್ಲಿ ಒಂದೊಂದು ಥರ. ಹಾಗಾಗಿ ಪೋಲರಾಯ್ಡನ್ನು ಮಾತ್ರ ತಿರುಗಿಸಬಾರದು. ಸೀಳಿನ ಮುಂದೆ ಅದನ್ನು ಅಂಟಿಸಿಬಿಡಿ, ತಿರುಗಿಸುವುದಾದರೆ ಇಡೀ ಉಪಕರಣವನ್ನೇ ತಿರುಗಿಸಿ. ಆಗ ಗ್ರೇಟಿಂಗಿಗೆ ಯಾವಾಗಲೂ ಒಂದೇ ದಿಕ್ಕಿನ ಬೆಳಕು ಸಿಗುತ್ತದೆ, ಅದರ ದೋಷ ಲೆಕ್ಕದಲ್ಲಿ ಹೊಡೆದುಹೋಗುತ್ತದೆ.

ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಧ್ರುವೀಕರಣ ಅತಿ ಹೆಚ್ಚು. ನಮ್ಮ ಕಾಸರಗೋಡಿನ ಕಡೆ ಇದು ಸುಲಭ, ಯಾಕೆಂದರೆ ಪದವಿನ (ಎತ್ತರದ ಬಯಲು) ಮೇಲೆ ನಿಂತರೆ ಸೂರ್ಯ ಕಡಲಿಗೆ ಇಳಿಯುವವರೆಗೂ ಕಾಣುತ್ತಾನೆ, ಆಗ 90 ಡಿಗ್ರಿ ಎಂದರೆ ನೆತ್ತಿಯೇ ಅಲ್ವಾ. ಸೀಳು ಮೇಲ್ಮುಖವಾಗಿರುವಂತೆ ಪೈಪನ್ನು ನೇರ ನಿಲ್ಲಿಸಿ, ಕೆಳಗೆ ಕೋನ ಗುರುತು ಹಾಕಿದ ಪ್ಲೈವುಡ್ ಇಟ್ಟರೆ ತಿರುಗಿಸುವುದಕ್ಕೆ ಕಷ್ಟವೇ ಇಲ್ಲ. ಬಾವ ಅಡಿಕೆ ಒಣಗಿಸುವ ಅಂಗಳದ ಮೂಲೆ ಬಿಟ್ಟುಕೊಟ್ಟರು, ಮೋಡವಿಲ್ಲದ ಸಂಜೆಗಳಲ್ಲಿ ಅಲ್ಲೂ ಮಾಡಿದೆ. ಕೋನವನ್ನು ದಿಕ್ಸೂಚಿ ನೋಡಿ ಹಾಕಬೇಡಿ. ನವೆಂಬರಿನಲ್ಲಿ ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುವುದಿಲ್ಲ, ದಕ್ಷಿಣಕ್ಕೆ ಸರಿದಿರುತ್ತಾನೆ. ಪೋಲರಾಯ್ಡಿನ ಅಕ್ಷ ಸೂರ್ಯನ ದಿಕ್ಕಿಗೆ ಅಡ್ಡವಾಗಿದ್ದಾಗ ಹೊಳಪು ಹೆಚ್ಚು, ನೇರವಾಗಿದ್ದಾಗ ಕಡಿಮೆ. ಉಪಕರಣವನ್ನು ಸೂರ್ಯನ ಕಡೆಗೆ ಮಾತ್ರ ಯಾವತ್ತೂ ತಿರುಗಿಸಬೇಡಿ.

ಫೋಟೋ ಫೋನು ತಿದ್ದದ ರಾ ಫೈಲಿನಲ್ಲೇ ತೆಗೆಯಬೇಕು, ಎಕ್ಸ್‌ಪೋಶರ್, ಐಎಸ್ಒ ಎರಡನ್ನೂ ಲಾಕ್ ಮಾಡಬೇಕು. ಜೆಪೆಗ್‌ನಲ್ಲಿ ಫೋನು ಹೊಳಪನ್ನು ತನಗೆ ಬೇಕಾದಂತೆ ತಿದ್ದುತ್ತದೆ, ಆ ಅಂಕಿ ಉಪಯೋಗಕ್ಕಿಲ್ಲ. ಸಂಜೆ ಬೆಳಕು ಬೇಗ ಕುಗ್ಗುವುದರಿಂದ ಹೆಚ್ಚು, ಕಡಿಮೆ, ಮತ್ತೆ ಹೆಚ್ಚು ಎಂದು ಮೂರು ಚಿತ್ರ ತೆಗೆದು, ಮೊದಲ ಮತ್ತು ಕೊನೆಯದರ ಸರಾಸರಿ ಹಿಡಿಯುತ್ತೇನೆ. ಸೀಳು ಮುಚ್ಚಿ ತೆಗೆದ ಚಿತ್ರದ ಹೊಳಪನ್ನು ಎಲ್ಲದರಿಂದ ಕಳೆಯಬೇಕು. ಉಳಿದ ಲೆಕ್ಕ ಸುಲಭ: ಒಂದು ಬಣ್ಣದಲ್ಲಿ 820 ಮತ್ತು 240 ಬಂದರೆ ವ್ಯತ್ಯಾಸ 580, ಮೊತ್ತ 1060, ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಧ್ರುವೀಕರಣ ಸುಮಾರು ಶೇ. 55.

ಅಣುಗಳಂಥ ಸಣ್ಣ ಕಣಗಳು ಬೆಳಕನ್ನು ಚದುರಿಸುವುದನ್ನು ಹೇಳುವ ರೇಲೀ ಸೂತ್ರದ ಪ್ರಕಾರ 90 ಡಿಗ್ರಿಯಲ್ಲಿ ಪೂರ್ತಿ ನೂರು ಬರಬೇಕು. ಬರುವುದಿಲ್ಲ. ಗಾಳಿಯ ಅಣುಗಳು ದುಂಡಗಿಲ್ಲ, ಬೆಳಕು ಎರಡು ಮೂರು ಸಲ ಚದುರಿ ಬರುತ್ತದೆ, ಜೊತೆಗೆ ದೂಳು ಮತ್ತು ಕಡಲ ಉಪ್ಪಿನ ಕಣ. ಮಳೆ ಬಿಟ್ಟ ಮೇಲಿನ ತೊಳೆದ ಆಕಾಶಕ್ಕೂ ಮಾರ್ಚಿನ ಮಂಜುಮಂಜು ಆಕಾಶಕ್ಕೂ ಅಂಕಿಗಳಲ್ಲೇ ವ್ಯತ್ಯಾಸ ಕಾಣುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದು: ಮಬ್ಬು ಹೆಚ್ಚಾದಾಗ ಕೆಂಪು ತುದಿಯಲ್ಲೇ ಧ್ರುವೀಕರಣ ಜಾಸ್ತಿ ಇಳಿಯುತ್ತದೆ. ಅಣುಗಳು ಕೆಂಪನ್ನು ಚದುರಿಸುವುದೇ ಕಡಿಮೆ, ಹಾಗಾಗಿ ಅಲ್ಲಿ ದೂಳಿನ ಪಾಲು ಮೇಲುಗೈ ಆಗುತ್ತದೆ.

ಫ್ರಾನ್‌ಹೋಫರ್ ಗೆರೆಗಳೂ (ಸೂರ್ಯನ ರೋಹಿತದಲ್ಲಿ ಕಾಣುವ ಕಪ್ಪು ಗೆರೆಗಳು) ಈ ಚಿತ್ರಗಳಲ್ಲಿ ಸಿಗುತ್ತವೆ, ಸೋಡಿಯಂನ 589 ನ್ಯಾನೊಮೀಟರ್, ಜಲಜನಕದ 486. ಚದುರಿದ್ದು ಸೂರ್ಯನ ಬೆಳಕೇ ತಾನೆ, ಉಪಕರಣ ತಿರುಗಿಸಿದರೂ ಅವು ಜಾಗ ಬಿಡುವುದಿಲ್ಲ. ಆದರೆ 1962ರಲ್ಲಿ ವಿಜ್ಞಾನಿಗಳಾದ ಗ್ರೇಂಜರ್ ಮತ್ತು ರಿಂಗ್ ತೋರಿಸಿದಂತೆ, ನೇರ ಬಿಸಿಲಿನಲ್ಲಿ ಇರುವಷ್ಟು ಆಳ ಈ ಗೆರೆಗಳಿಗೆ ಆಕಾಶದ ಬೆಳಕಿನಲ್ಲಿ ಇರುವುದಿಲ್ಲ. ಸಾರಜನಕ, ಆಮ್ಲಜನಕದ ಅಣುಗಳ ರಾಮನ್ ಚದುರುವಿಕೆಯಿಂದ (ಚದುರುವಾಗ ಬೆಳಕಿನ ಬಣ್ಣ ಸ್ವಲ್ಪ ಬದಲಾಗುವುದು) ಪಕ್ಕದ ಬೆಳಕು ಸ್ವಲ್ಪ ಗೆರೆಯೊಳಕ್ಕೆ ಬಂದು ಸೇರುತ್ತದೆ. ಆ ಬೆಳಕಿನ ಧ್ರುವೀಕರಣ ತೀರಾ ಕಡಿಮೆ, ಆದ್ದರಿಂದ ಗೆರೆಯ ನಡುವಿನ ಅಂಕಿ ಅಕ್ಕಪಕ್ಕಕ್ಕಿಂತ ಕೆಳಗಿರಬೇಕು. ಬ್ಲೇಡಿನ ಸೀಳಿನ ಸೂಕ್ಷ್ಮತೆ ಇದಕ್ಕೆ ಸಾಲದು. ಕಾಲೇಜಿನಲ್ಲಿ ಒಳ್ಳೆಯ ಸ್ಪೆಕ್ಟ್ರೋಮೀಟರ್ ಕೈಗೆ ಸಿಗುವವರು ಆ ಭಾಗವನ್ನು ಮಾಡಿ ನೋಡಿ, ಉಳಿದ ವಿಧಾನವೆಲ್ಲ ಇದೇ.